ಸುಮ್ಮಸುಮ್ಮನೆ ಬರುತ್ತಿದ್ದ ಅಂಜಿಕೆ

ಬಿಳಿಗೂದಲ ಕೆಳಗೆ ಡಾಕ್ಟರಮ್ಮನ ಎಡಗಿವಿ ಒಂಚೂರು ಮುಂದಕ್ಕೆ ಬಾಗಿತ್ತು, ಎದುರಿದ್ದವರ ಮಾತು ಕೆಳಗೆ ಬೀಳದಂತೆ ಹಿಡಿಯೋ ಹಾಗೆ. ಚಿತ್ತಾಪುರದ ಅವರ ದವಾಖಾನೆಗೆ ಯಾರೇ ಹೋಗಲಿ, ಮೊದಲು ಕುಂದ್ರಿಸುವರು. "ದಮ್ಮು ತಗೊಳ್ರಿ. ಬ್ಯಾನಿ ಎಲ್ಲಿಗೂ ಓಡಿ ಹೋಗಂಗಿಲ್ಲ."

ನನ್ನ ಮಗಳನ್ನು ಗುಂಡಗುರ್ತಿಗೆ ಕೊಟ್ಟಿದ್ದೆವು. ಅಲ್ಲಿ ರೊಟ್ಟಿ ಬಡಿಯಲು ಬಗ್ಗಿದರೆ ಸಾಕು, ಮೈಯೆಲ್ಲ ಬೆವರು, ತಲೆ ಸಿಡಿತ, ಎದೆ ಢವಢವ. "ಯವ್ವಾ, ಅಂಜಿಕಿ ಬರಾಕತ್ತದ" ಅಂತ ಎದ್ದುಬಿಡುವಳು. ತಾಯಿತ ಕಟ್ಟಿಸಿದೆವು, ದೃಷ್ಟಿ ತೆಗೆಸಿದೆವು. ಅವಳ ಅತ್ತೆ "ಕೆಲಸ ತಪ್ಪಸಾಕ ನಾಟಕ" ಅಂದು "ರೊಟ್ಟಿಗಳ್ಳಿ" ಅಂತ ಹೆಸರಿಟ್ಟು, ತವರಿಗೇ ಕರಕೊಂಡು ಹೋಗ್ರಿ ಅಂದರು.

ಅತ್ತೆಯನ್ನೂ ಕೂಡಿಸಿಕೊಂಡೇ ಡಾಕ್ಟರಮ್ಮನ ಬಳಿ ಹೋದೆ. ಕೆಳಗೆ ಬಿದ್ದ ಪಿನ್ನು ತಗೊಳ್ಳಲು ಮಗಳು ಬಗ್ಗಿದಳೋ ಇಲ್ಲವೋ, ಅಲ್ಲೇ ಶುರುವಾಯ್ತು. ಡಾಕ್ಟರಮ್ಮ ಗಡಬಡಿಸದೆ ಬಿಪಿ ನೋಡಿದರು. ಅವಳು ಸುಧಾರಿಸಿಕೊಂಡ ಮೇಲೆ ಮತ್ತೊಮ್ಮೆ ನೋಡಿದರು, ಏರಿದ್ದ ಬಿಪಿ ಇಳಿದಿತ್ತು. ಆಮೇಲೆ ನನ್ನಂಥ ಓದದವಳಿಗೂ ತಿಳಿಯೋ ಹಾಗೆ ಹೇಳಿದರು.

"ನೋಡವ್ವಾ, ಹಾವು ಕಂಡ್ರ ಮಿದುಳು ನರಕ್ಕ ಹೇಳತದ. ನರದ ತುದಿಯಿಂದ ಒಂದು ರಸ ಹನೀತದ. ಮೂತ್ರಪಿಂಡದ ಮ್ಯಾಲ ಟೊಪ್ಪಿಗಿ ಹಂಗ ಒಂದು ಗ್ರಂಥಿ ಅದ. ಆ ರಸ ತಟ್ಟಿದ್ರ ಗ್ರಂಥಿಯ ಕಣಗಳು ಬಾಯಿ ತೆರೆದು ಅಡ್ರಿನಾಲಿನ್ ರಕ್ತಕ್ಕ ಬಿಡ್ತಾವ. ಆಗ ಎದಿ ಓಡತದ. ನರ ಸುಮ್ಮನಾದ್ರ ಅದೂ ಸುಮ್ಮನಾಗತದ. ಇಕಿಗಿ ಅಲ್ಲಿ ಗಂಟು ಆಗ್ಯಾದ ಅನಸ್ತದ. ನರ ಹೇಳದಿದ್ರೂ ಆ ಗಂಟು ಅಡ್ರಿನಾಲಿನ್ ಸುರುವಾಕತ್ತದ. ಬಗ್ಗಿದ್ರ ಹಿಂಡಿದಂಗ ಆಗತದ."

"ಹಂಗಾರ ನಾಟಕ ಅಲ್ಲೇನ್ರಿ?" ಅತ್ತೆ ಕೇಳಿದರು.

"ನಾಟಕ ಮಾಡಿ ಬಿಪಿ ಏರಸಾಕ ಬರ್ತದೇನ್ರಿ? ಆಪರೇಶನ್ ಆಗೋತನ ರೊಟ್ಟಿ ನೀವ ಬಡೀರಿ. ಕೈ ಮರತಿಲ್ಲಲಾ?"

ಕಲಬುರಗಿಯಲ್ಲಿ ತಪಾಸಣೆ ಮಾಡಿದರೆ ಗಂಟು ಇದ್ದದ್ದು ಖರೇ. ಔಷಧಿ ಕೊಟ್ಟು, ಬಿಪಿ ಹದಕ್ಕೆ ತಂದು, ತೆಗೆದರು. ಮಗಳು ತನ್ನ ಮನೆಗೆ ಹೋದಳು.

ಈಗ ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ನೆಲದ ಮೇಲೆ ಕಾಲೇ ನಿಲ್ಲವಲ್ಲವು ನನಗೆ. ಕೂಸನ್ನು ಮೊದಲು ಡಾಕ್ಟರಮ್ಮನ ಉಡಿಯಲ್ಲಿ ಹಾಕಬೇಕು ಅಂದುಕೊಂಡಿದ್ದೆ. ಮಗಳಿಗೆ ಇನ್ನೂ ದಿನ ತುಂಬುವ ಮೊದಲೇ ಅವರು ತೀರಿಕೊಂಡರು.

ನಿನ್ನೆ ಅಡುಗೆಮನೆಯಲ್ಲಿ ಕೊಡ ಉರುಳಿತು. ತೊಡೆ ಮೇಲಿದ್ದ ಕೂಸು ಬೆಚ್ಚಿಬಿತ್ತು. ಅಂಗೈ ಇಟ್ಟು ನೋಡಿದೆ, ಪುಟ್ಟ ಎದೆ ಓಡುತ್ತಿತ್ತು. ಎತ್ತಿ ಅಪ್ಪಿಕೊಂಡೆ. ಎದೆಬಡಿತ ನಿಧಾನಕ್ಕೆ ಇಳಿಯಿತು. ಡಾಕ್ಟರಮ್ಮಾ, ಕೂಸು ಕಾರಣ ಇದ್ದದ್ದಕ್ಕೇ ಅಂಜಿತು, ತಾನಾಗೇ ಸುಮ್ಮನಾಯಿತು. ಈ ಸುದ್ದಿ ನಾನು ಇನ್ನ ಯಾರಿಗೆ ಹೇಳಲಿ?