ಲಾಲ್‌ಬೀ ಹೂಂ ಅನ್ನುವ ತನಕ

ಮೂಡಣದಲ್ಲಿ ಈಗಷ್ಟೇ ಬೆಳಕು ಒಡೆಯುತ್ತಿದೆ. ಸಿಂಧನೂರಿನಿಂದ ಆರ್.ಎಚ್. ಕ್ಯಾಂಪಿನತ್ತ ಹೋಗುವ ರಸ್ತೆಯ ಮಗ್ಗುಲಲ್ಲಿ ಶಾಮಿಯಾನದ ಕಂಬ, ಕುರ್ಚಿ, ಹಂಡೆಗಳನ್ನು ಒಟ್ಟಿದ ಒಂದು ಅಂಗಳ. ಅದರಾಚೆ ಕಣ್ಣು ಹಾಯುವ ತನಕ ಭತ್ತದ ಗದ್ದೆ. ಅಂಗಳದ ನಡುವೆ ನಿಂತ ಬಿಳಿ ಮಿನಿಬಸ್ಸಿನ ಬಾನೆಟ್ ಮೇಲೆ ಲಾಲ್‌ಬೀ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತಾರೆ. ತಣ್ಣಗಿದೆ.

"ಬೆಚ್ಚಗಿದ್ರ ನಾ ಇಲ್ಲಿಂದನ ವಾಪಸ್ ಹೋಗ್ತಿದ್ದೆ. ಯಾರರ ಮೊದ್ಲ ಚಾಲೂ ಮಾಡಿ ಇಟ್ಟಾರ ಅಂತ ಅರ್ಥ. ತಣ್ಣಗಿರೂ ಇಂಜಿನ್ನು ಮುಂಜಾನಿ ಏಳ್ತ ತನ್ನ ಬ್ಯಾನಿ ಎಲ್ಲಾ ಹೇಳ್ತೈತ್ರೀ. ಬಿಸಿ ಆತಂದ್ರ ಮುಗೀತು, ಎಲ್ಲಾ ಗಾಡಿನೂ ಶಾಣ್ಯಾ ಆಗ್ತಾವ," ಎನ್ನುತ್ತಾರೆ.

ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ ತೊಟ್ಟು, ತಲೆಗೆ ಟವೆಲ್ ಬಿಗಿದು, ಐವತ್ತು ದಾಟಿದ ಈ ಹೆಂಗಸು ಬ್ಯಾಟರಿ ಬೆಳಕನ್ನು ಗಾಡಿಯ ಮೈಗೆ ಓರೆಯಾಗಿ ಹಿಡಿಯುತ್ತಾರೆ. ತಗಡಿನ ತುಂಬ ಇಬ್ಬನಿ ಸಣ್ಣ ಸಣ್ಣ ಮಣಿಗಳಾಗಿ ಕೂತಿದೆ. ಎಡಗಡೆಯ ಹಿಂದಿನ ಚಕ್ರದ ಮೇಲೆ ಮಾತ್ರ ಹಂಚಿನಷ್ಟು ಅಗಲದ ಜಾಗ ಬರಿದಾಗಿದೆ. ಲಾಲ್‌ಬೀ ಅಲ್ಲಿ ಬೆರಳಿನಿಂದ ಬಡಿಯುತ್ತಾರೆ. ದಪ್ಪ ಸದ್ದು. "ತಗ್ಗು ಬಿದ್ದದ್ದು ಮುಚ್ಚಾಕ ಇಲ್ಲಿ ಪುಟ್ಟಿ ಮೆತ್ಯಾರ. ತಗಡು ಬೇಗ ತಣ್ಣಗಾಕ್ಕೈತಿ, ಮಂಜು ಹಿಡಿತೈತಿ. ಪುಟ್ಟಿ ಇದ್ದಲ್ಲಿ ತಡಾ ಆಕ್ಕೈತಿ. ಬಿಸಲು ಬಿದ್ದ ಮ್ಯಾಲ ಬಂದಿದ್ರ ನಂಗೂ ಕಾಣ್ತಿದ್ದಿಲ್ಲ."

ಮಾರುವವರಿಗಾಗಿ ಅಲ್ಲ, ಕೊಳ್ಳುವವರಿಗಾಗಿ ಹಳೆಯ ಗಾಡಿಗಳನ್ನು ಪರೀಕ್ಷಿಸಿ ಕೊಡುವುದು ಮಸ್ಕಿಯ ಲಾಲ್‌ಬೀ ಅವರ ಕೆಲಸ. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ನಡುವಿನ ರಸ್ತೆಯಲ್ಲಿ ಕೈ ಬದಲಾಗುವ ಮೂರು ಗಾಲಿಯ ಟಂಟಂ, ಟ್ರ್ಯಾಕ್ಟರ್, ಟೆಂಪೋಗಳಲ್ಲಿ ಎಷ್ಟೋ ಅವರ ಕಣ್ಣೆದುರು ಹಾದು ಹೋಗಿವೆ. ವಾರಕ್ಕೆ ಎರಡೋ ಮೂರೋ ಕರೆ. ಸುಗ್ಗಿ ಮುಗಿದ ಮೇಲಾದರೆ ದಿನಕ್ಕೊಂದು. ಗಾಡಿ ಚಲೋ ಇರಲಿ, ಕೆಟ್ಟಿರಲಿ, ಕೂಲಿ ಒಂದೇ. ಮಾರುವವರ ಮನೆಯಲ್ಲಿ ಚಹಾ ಸಹ ಕುಡಿಯುವುದಿಲ್ಲ.

ಆದರೆ ಈ ಮುಂಜಾನೆ ಎದುರಿಗಿರುವ ಗಾಡಿ ಅವರಿಗೂ ಹೊಸದು. ಅದು ಪ್ರವಾಸಕ್ಕೆಂದೇ ಮಾಡಿಸಿದ ಮನೆ. ಹಿಂಬದಿಗೆ ಇಬ್ಬರು ಮಲಗುವ ಮಂಚ, ಮುಂಬದಿಯ ಮಾಡಿನಡಿ ಮಕ್ಕಳ ಅಟ್ಟ, ನಡುವೆ ಒಲೆ, ನೀರಿನ ಟ್ಯಾಂಕು, ಸಾಮಾನಿನ ಗೂಡು, ಗಾಳಿ ಹೊರಗೆಳೆಯಲು ಮಾಡಿಗೊಂದು ಫ್ಯಾನು. ಲಾಲ್‌ಬೀ ಬಾಗಿಲು ತೆರೆದು ಒಳಗೆ ಕಾಲಿಡುತ್ತಾರೆ. ಮಡಚಿದರೆ ಗೋಡೆ, ಬಿಚ್ಚಿದರೆ ಊಟದ ಮೇಜಾಗುವ ಹಲಗೆಯನ್ನು ಎರಡೆರಡು ಸಲ ಮಡಚಿ ಬಿಚ್ಚುತ್ತಾರೆ. "ಎಂಥಾ ಕೆಲಸ ಮಾಡ್ಯಾರ ನೋಡ್ರೀ! ನಮ್ಮ ಅಬ್ಬಾ ಇದನ್ನ ನೋಡಿದ್ರ ಹುಚ್ಚಾಗಿ ಹೋಗ್ತಿದ್ದ."

ಅಬ್ಬಾ, ಅಂದರೆ ಅವರ ತಂದೆ, ಮುದಗಲ್ಲಿನಲ್ಲಿ ಲಾರಿಗಳಿಗೆ ಕಟ್ಟಿಗೆಯ ಬಾಡಿ ಕಟ್ಟುತ್ತಿದ್ದರು. ಲಾಲ್‌ಬೀ ಮೊಳೆ ಹಿಡಿದುಕೊಡುತ್ತಲೇ ಬೆಳೆದವರು. ಮದುವೆಯಾಗಿ ಮಸ್ಕಿಗೆ ಬಂದರು. ಗಂಡ ಇಲಿಯಾಸ್ ಲಾರಿ ಡ್ರೈವರು. ದುಡಿದು ಕೂಡಿಟ್ಟು ಒಂದು ಹಳೆಯ ಟೆಂಪೋ ತಂದರು. ಬಣ್ಣ ಥಳಥಳ ಹೊಳೆಯುತ್ತಿತ್ತು. ತಂದ ತಿಂಗಳೊಳಗೆ ಲಿಂಗಸುಗೂರಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಇಲಿಯಾಸ್ ಬದುಕಿದರು, ಬಲಗೈ ಮಾತ್ರ ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ.

ಆಸ್ಪತ್ರೆಯಿಂದ ಗಂಡನನ್ನು ಮನೆಗೆ ತಂದ ಮರುದಿನ ಲಾಲ್‌ಬೀ ನಜ್ಜುಗುಜ್ಜಾದ ಟೆಂಪೋದ ಅಡಿಗೆ ತೂರಿದರು. ಬ್ರೇಕಿನ ಎಣ್ಣೆ ಹೋಗುವ ಕೊಳವೆ ತುಕ್ಕು ತಿಂದು ಹಾಳೆಯಂತಾಗಿತ್ತು. ಅದರ ಮೇಲೆ ಯಾರೋ ಕಪ್ಪು ಬಣ್ಣ ಬಳಿದಿದ್ದರು. "ಉಗುರಿಲೆ ಕೆರದೆ. ಬಣ್ಣದ ಜೋಡಿ ಪೈಪೂ ಉದುರಿ ಕೈಯಾಗ ಬಂತು. ಕೊಳ್ಳೂಕಿಂತ ಮೊದ್ಲ ಒಬ್ರರ ಒಂದ್ಸಲ ಕೆಳಗ ಬಗ್ಗಿ ನೋಡಿದ್ರ ಸಾಕಿತ್ತು."

ಅಂದಿನಿಂದ ಬಗ್ಗಿ ನೋಡುವುದೇ ಅವರ ಬದುಕಾಯಿತು. ಮೊದಮೊದಲು ಗಾಡಿ ಬಜಾರಿನ ದಲ್ಲಾಳಿಗಳು ಒಳಗೇ ಬಿಡಲಿಲ್ಲ. ಹೆಣ್ಣುಮಗಳು ಗಾಡಿಯ ಕೆಳಗೆ ಮಲಗುವುದೆಂದರೇನು ಎಂದು ನಕ್ಕವರುಂಟು, ನೀರು ಎರಚಿದವರುಂಟು. ಪರೀಕ್ಷೆ ಕಲಿಸಿದ್ದು ಮನೆಯಲ್ಲಿ ಕೂತ ಇಲಿಯಾಸ್. ಇಂಜಿನ್ನಿನ ಯಾವ ಸದ್ದಿಗೆ ಏನರ್ಥ ಎಂದು ಬಾಯಿಂದ ಸದ್ದು ಮಾಡಿ ತೋರಿಸುತ್ತಿದ್ದರಂತೆ. ಈಗಲೂ ಅನುಮಾನ ಬಂದರೆ ಲಾಲ್‌ಬೀ ಫೋನನ್ನು ಇಂಜಿನ್ನಿನ ಹತ್ತಿರ ಹಿಡಿಯುತ್ತಾರೆ, ಆ ಕಡೆಯಿಂದ ಇಲಿಯಾಸ್ ಕೇಳಿಸಿಕೊಂಡು ಹೇಳುತ್ತಾರೆ.

ಇವತ್ತು ಅವರನ್ನು ಕರೆತಂದವರು ಪಾಮನಕಲ್ಲೂರಿನ ವೆಂಕೋಬ. ಬದುಕಿಡೀ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಊರೂರು ತಿರುಗಿದ್ದು ಅವರೊಬ್ಬರೇ, ಹೆಂಡತಿ ಪಾರ್ವತೆಮ್ಮ ರಾಯಚೂರು ದಾಟಿದವರಲ್ಲ. ಈಗ ಪುರಸೊತ್ತು ಸಿಕ್ಕಿತು ಎನ್ನುವಾಗ ಪಾರ್ವತೆಮ್ಮನಿಗೆ ಬೆನ್ನಿನ ಆಪರೇಷನ್ ಆಯಿತು. ಒಂದು ತಾಸಿಗಿಂತ ಹೆಚ್ಚು ಕೂರುವಂತಿಲ್ಲ. ಆದರೆ ಆಕೆಗೆ ಸಮುದ್ರ ನೋಡುವ ಆಸೆ. ಮಲಗಿಕೊಂಡೇ ಹೋಗುವಂಥ ಗಾಡಿಯೊಂದು ಮಾರಾಟಕ್ಕಿದೆ ಎಂದು ಕೇಳಿದ್ದೇ ತಡ, ವೆಂಕೋಬ ಬಂದು ನೋಡಿ ಮನಸೋತಿದ್ದಾರೆ.

"ನೀವ ಡ್ರೈವರ್ ಇದ್ದೀರಿ, ಮತ್ತ ನನ್ನ ಯಾಕ ಕರದ್ರಿ?" ಎಂದು ಲಾಲ್‌ಬೀ ಕೇಳಿದ್ದರಂತೆ.

"ನನಗ ಈ ಗಾಡಿ ಮ್ಯಾಲ ಆಸೆ ಆಗೈತವ್ವಾ. ಆಸೆ ಆದಾಂವ ನೋಡಿದ್ರ ಏನ್ ಕಾಣ್ತೈತಿ?" ಎಂದು ವೆಂಕೋಬ ಹೇಳಿದರಂತೆ.

ಗಾಡಿಯ ಯಜಮಾನ ದುರುಗೇಶ, ಶಾಮಿಯಾನ ಬಾಡಿಗೆಗೆ ಕೊಡುವ ವ್ಯಾಪಾರಿ. ಬಚ್ಚಿಡುವ ಆಳಲ್ಲ. ಚಕ್ರದ ಮೇಲಿನ ಪುಟ್ಟಿಯ ಬಗ್ಗೆ ಕೇಳುತ್ತಲೇ, ಗೇಟಿಗೆ ತಾಗಿಸಿದ್ದನ್ನು ತಾನೇ ಹೇಳುತ್ತಾನೆ. ಇಷ್ಟು ಚೆಂದದ ಗಾಡಿ ಯಾಕೆ ಮಾರುತ್ತೀ ಎಂದರೆ ಅದಕ್ಕೂ ಉತ್ತರವಿದೆ. "ನನ್ನ ಹೆಂಡ್ತಿ ಮಹೇಶ್ವರಿಗೆ ಇದು ಒಗ್ಗಲಿಲ್ರೀ. ಎಲ್ಲಿಗೆ ಹೋದ್ರೂ ಮುಂಜಾನಿ ಎದ್ದ ಕೂಡ್ಲೆ ತಲಿ ಸಿಡಿತೈತಿ ಅಂತಾಳ, ವಾಂತಿ ಮಾಡ್ಕೋತಾಳ. ಘಟ್ಟದ ರಸ್ತಾ ಅಕಿಗೆ ಆಗೂದಿಲ್ಲ."

ಲಾಲ್‌ಬೀ ತಲೆ ಎತ್ತಿ ಒಮ್ಮೆ ಅವನನ್ನು ನೋಡುತ್ತಾರೆ.

ಬೆಳಕು ಬಲಿಯುತ್ತದೆ. ಇಂಜಿನ್ ಒಂದೇ ತಿರುವಿಗೆ ಏಳುತ್ತದೆ. ಹೊಗೆ ತಿಳಿ, ಸದ್ದು ಹದ. ಅದನ್ನು ಬಂದ್ ಮಾಡಿಸಿ ಮಾಡಿನ ಮೇಲೆ ಬಿಂದಿಗೆಗಟ್ಟಲೆ ನೀರು ಸುರಿಸುತ್ತಾರೆ, ಒಳಗೆ ಒಂದು ಹನಿ ಇಲ್ಲ. ಗ್ಯಾಸಿನ ಕೊಳವೆಗೆ ಸೋಪಿನ ನೊರೆ ಹಚ್ಚುತ್ತಾರೆ, ಒಂದು ಗುಳ್ಳೆ ಏಳುವುದಿಲ್ಲ. ಬ್ರೇಕು, ಟೈರು, ವೈರು ಎಲ್ಲವೂ ಸೈ. ಅಷ್ಟರಲ್ಲಿ, ಗಂಡನ ಜೊತೆ ಬಂದಿದ್ದ ಪಾರ್ವತೆಮ್ಮ ಮೆಲ್ಲಗೆ ಒಳಗೆ ಹೋಗಿ ಹಿಂದಿನ ಮಂಚದ ಮೇಲೆ ಮಲಗಿದ್ದಾರೆ. ಕಿಟಕಿಯಲ್ಲಿ ಗದ್ದೆ ಕಾಣುತ್ತದೆ. "ಹಿಂಗ ಮಕ್ಕೊಂಡ ನೋಡಬೌದಲ್ರೀ!" ಎಂದು ಮಗುವಿನಂತೆ ನಗುತ್ತಾರೆ.

"ಹೂಂ ಅನ್ನು ಲಾಲ್‌ಬೀ. ಇನ್ನೇನ್ ಉಳದೈತಿ?" ವೆಂಕೋಬನಿಗೆ ತಡೆಯುವುದಿಲ್ಲ.

"ಇನ್ನೂ ಹೂಂ ಅನ್ನಂಗಿಲ್ಲ," ಎಂದು ಲಾಲ್‌ಬೀ ದುರುಗೇಶನತ್ತ ತಿರುಗುತ್ತಾರೆ. "ಅಣ್ಣಾ, ಘಟ್ಟ ಆಗದವ್ರು ಹಾದ್ಯಾಗ ವಾಂತಿ ಮಾಡ್ತಾರ. ನಿನ್ನ ಹೆಂಡ್ತಿ ನಿಂತ ಗಾಡ್ಯಾಗ ಮಲಗಿ ಎದ್ದು ಯಾಕ ಮಾಡಿದ್ಳು? ರಾತ್ರಿ ಮಲಗೂವಾಗ ಇಂಜಿನ್ ಚಾಲೂ ಇರ್ತಿತ್ತಾ?"

"ಎಸಿ ಬೇಕಲ್ರೀ. ಸ್ವಲ್ಪ ಹೊತ್ತು ಹಚ್ಚಿ ಬಿಡ್ತಿದ್ದೆ. ಮ್ಯಾಲಿನ ಫ್ಯಾನೂ ತಿರಗ್ತಿತ್ತು."

"ಅಕ್ಕಾ, ನೀವು ಕೆಳಗ ಇಳೀರಿ," ಎನ್ನುತ್ತಾರೆ ಲಾಲ್‌ಬೀ. ದನಿ ಜೋರಿಲ್ಲ, ಆದರೂ ಪಾರ್ವತೆಮ್ಮ ತಕ್ಷಣ ಇಳಿಯುತ್ತಾರೆ.

ಚೀಲದಿಂದ ಒಂದು ಸಣ್ಣ ಮಣ್ಣಿನ ಧೂಪಾರತಿ ಹೊರಬರುತ್ತದೆ. ಕೆಂಡದ ಮೇಲೆ ಲೋಬಾನದ ಪುಡಿ ಬೀಳುತ್ತಲೇ ಬೆಳ್ಳನೆಯ ಗಮಗಮಿಸುವ ಹೊಗೆ ಏಳುತ್ತದೆ. ಅದನ್ನು ಲಾಲ್‌ಬೀ ಗಾಡಿಯ ಅಡಿಯಲ್ಲಿ, ಇಂಜಿನ್ನಿನ ಹೊಗೆ ಹೊರಹೋಗುವ ಪೈಪಿನ ಪಕ್ಕ ಇಡುತ್ತಾರೆ. ಇಂಜಿನ್ ಆರಿದೆ. ಬಾಗಿಲು, ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿಸಿ, ಮಾಡಿನ ಫ್ಯಾನನ್ನಷ್ಟೇ ಹಚ್ಚಿಸುತ್ತಾರೆ. ನಾಲ್ವರೂ ಗಾಜಿಗೆ ಮುಖ ಆನಿಸಿ ಒಳಗೆ ನೋಡುತ್ತ ನಿಲ್ಲುತ್ತಾರೆ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಹಿಂದಿನ ಮಂಚದ ತಲೆದಿಂಬಿನ ಮೂಲೆಯಿಂದ ಬಿಳಿಯ ಎಳೆಯೊಂದು ಏಳುತ್ತದೆ. ದಾರದಷ್ಟು ಸಣ್ಣಗೆ, ನೆಟ್ಟಗೆ. ನೋಡನೋಡುತ್ತ ಅದು ದಪ್ಪವಾಗಿ, ದಿಂಬಿನ ಮೇಲೆ ಹರಡಿ, ಮೆಲ್ಲಗೆ ಫ್ಯಾನಿನತ್ತ ಏರುತ್ತದೆ. ಈಗಷ್ಟೇ ಪಾರ್ವತೆಮ್ಮನ ತಲೆ ಇದ್ದ ಜಾಗ ಅದು.

ಲಾಲ್‌ಬೀ ಗಾಡಿಯ ಅಡಿಗೆ ಸರಿಯುತ್ತಾರೆ. ಮಂಚದ ಕೆಳಗೆ ವೈರು ಹಾಯಿಸಲು ಕೊರೆದ ತೂತಿಗೆ ಬರೀ ಸ್ಪಂಜು ತುರುಕಿದ್ದಾರೆ. ಅದರ ನೇರಕ್ಕೆ ಹೊಗೆ ಪೈಪಿನ ಬೆಸುಗೆ ಬಿರಿದಿದೆ, ಸುತ್ತಲಿನ ತಗಡಿಗೆ ಮಸಿ ಹತ್ತಿದೆ. ಫ್ಯಾನು ಒಳಗಿನ ಗಾಳಿಯನ್ನು ಹೊರಗೆಳೆದಷ್ಟೂ ಆ ತೂತು ಕೆಳಗಿನ ವಿಷಗಾಳಿಯನ್ನು ಒಳಗೆಳೆದುಕೊಂಡಿದೆ. "ಮಲಗಿದವ್ರಿಗೆ ಎಚ್ಚರ ಆಗೂದಿಲ್ಲ. ಹಂಗ ಹೋಗಿಬಿಡ್ತಾರ," ಎಂಬ ಮಾತು ಗಾಡಿಯಡಿಯಿಂದ ಕೇಳಿಬರುತ್ತದೆ.

ದುರುಗೇಶ ಅಲ್ಲೇ ಇದ್ದ ಕುರ್ಚಿಗಳ ರಾಶಿಗೆ ಒರಗಿ ಕೂರುತ್ತಾನೆ. "ನಾವೆಲ್ಲಾ ಅದರಾಗ ಮಲಗೀವ್ರೀ. ಮಕ್ಕಳು ಸೈತ," ಎನ್ನುತ್ತಾನೆ.

"ಮಕ್ಕಳು ಎಲ್ಲಿ ಮಲಗ್ತಿದ್ರು?" ಎಂದು ಲಾಲ್‌ಬೀ ಕೇಳುತ್ತಾರೆ.

"ಮುಂದಿನ ಅಟ್ಟದಾಗ. ಸಣ್ಣಾಕಿ ಕಿಟಕಿ ಮುಚ್ಚಾಕ ಕೊಡ್ತಿದ್ದಿಲ್ಲ. ಚುಕ್ಕಿ ನೋಡ್ಬೇಕು ಅಂತ ರಂಪಾಟ ಮಾಡ್ತಿದ್ಳು. ಎಸಿ ಹೊರಗ ಹೋಗ್ತೈತಿ ಅಂತ ನಾ ಬೈತಿದ್ದೆ. ಅರ್ಧ ತಗದ ಇಟ್ಕೊಂಡ ಮಲಗ್ತಿದ್ಳು."

ಲಾಲ್‌ಬೀ ಎದ್ದು ಬಂದು ಅವನ ಪಕ್ಕ ಕೂರುತ್ತಾರೆ. "ಆ ಕಿಟಕಿ ನಿಮ್ಮನ್ನ ಉಳಿಸೈತಿ. ಇನ್ನ ಮ್ಯಾಲ ಆ ಕೂಸಿಗೆ ಬೈಬ್ಯಾಡ," ಎನ್ನುತ್ತಾರೆ.

ಆವತ್ತು ವ್ಯಾಪಾರ ಆಗಲಿಲ್ಲ. ಈ ಗಾಡಿ ಬೇಡವೇ ಬೇಡ ಎಂದು ವೆಂಕೋಬ ಹಟ ಹಿಡಿದರು. ಪಾರ್ವತೆಮ್ಮ ಮಾತ್ರ, "ರೋಗ ಗೊತ್ತಾತಲ್ರೀ. ಗೊತ್ತಾದ ಮ್ಯಾಲ ನಾ ಆಪರೇಷನ್ ಮಾಡಿಸ್ಕೊಂಡು ಎದ್ದು ಕುಂತಿಲ್ಲೇನು?" ಎಂದರಂತೆ. ವೆಂಕೋಬ ಹಟ ಬಿಟ್ಟರು. ದುರುಗೇಶ ತಾನೇ ಮುಂದೆ ನಿಂತು ಹೊಗೆ ಪೈಪನ್ನು ಪೂರಾ ಬದಲಿಸಿ, ಬಾಯನ್ನು ಗಾಡಿಯ ಹಿಂತುದಿಯಿಂದಾಚೆಗೆ ಒಯ್ದ. ತೂತಿಗೆ ತಗಡಿಟ್ಟು ಬೆಸುಗೆ ಹಾಕಿಸಿದ. ವಿಷಗಾಳಿ ಸುಳಿದರೆ ಕೂಗಿ ಎಬ್ಬಿಸುವ ಪುಟ್ಟ ಯಂತ್ರವೊಂದನ್ನು ಮಂಚದ ಬಳಿ ಕೂರಿಸಿದ. ಲಾಲ್‌ಬೀ ಇನ್ನೊಂದು ಮುಂಜಾನೆ ಮಸ್ಕಿಯಿಂದ ಮೊದಲ ಬಸ್ಸಿಗೆ ಬಂದು ಮತ್ತೆ ಲೋಬಾನ ಹಾಕಿದರು. ಒಳಗೆ ಒಂದು ಎಳೆಯೂ ಏಳಲಿಲ್ಲ. ಆಮೇಲೆ ಬಾಗಿಲು ಮುಚ್ಚಿಕೊಂಡು, ಇಂಜಿನ್ನು, ಫ್ಯಾನು ಎರಡನ್ನೂ ಹಚ್ಚಿಸಿ, ಆ ಯಂತ್ರದ ಮೇಲೆ ಕಣ್ಣಿಟ್ಟು, ದಿಂಬಿಗೆ ತಲೆ ಕೊಟ್ಟು ಮಲಗಿದರು. ವೆಂಕೋಬ ಬಾಗಿಲ ಹಿಡಿಕೆ ಬಿಡದೆ ಹೊರಗೆ ನಿಂತಿದ್ದರು. ಇಳಿದು ಬಂದು ಲಾಲ್‌ಬೀ ಹೇಳಿದ್ದು ಒಂದೇ ಮಾತು: "ಹೂಂ."

ಹೊಸ ಪೈಪು ಇದ್ದರೂ ಮಲಗುವಾಗ ಇಂಜಿನ್ ಬಂದ್ ಇರಬೇಕು ಎಂದು ವೆಂಕೋಬನಿಂದ ಮಾತು ತೆಗೆದುಕೊಂಡಿದ್ದಾರೆ. ದಂಪತಿ ಈಗ ಗೋಕರ್ಣದಲ್ಲಿದ್ದಾರೆ. ಪಾರ್ವತೆಮ್ಮ ಮುಂಜಾನೆ ಮಲಗಿದಲ್ಲಿಂದಲೇ ಸಮುದ್ರ ನೋಡುತ್ತಾರೆ, ಸಂಜೆ ತೆರೆಯ ತನಕ ನಡೆದು ಹೋಗುತ್ತಾರೆ ಎಂಬ ಸುದ್ದಿ ಬಂದಿದೆ.

ಗಾಡಿ ಮಾರಾಟವಾದ ಮೇಲೆ ಒಂದು ದಿನ, ಮಸ್ಕಿಯ ಮನೆಯಂಗಳದಲ್ಲಿ ಲಾಲ್‌ಬೀ ಯಾರದೋ ಟಂಟಂ ಕೆಳಗಿದ್ದಾಗ ದುರುಗೇಶನ ಹೆಂಡತಿ ಮಹೇಶ್ವರಿ ಬಂದಳು. ಜೊತೆಗೆ ಎರಡು ಹೆಣ್ಣುಮಕ್ಕಳು. ಯಾವ ಗಾಡಿ ತೋರಿಸಬೇಕಾಗಿದೆ ಎಂದು ಲಾಲ್‌ಬೀ ಅಡಿಯಿಂದಲೇ ಕೇಳಿದರು.

"ಗಾಡಿ ಅಲ್ರೀ. ಇವ್ರನ್ನ ನಿಮಗ ತೋರಸಾಕ ಬಂದೀನಿ," ಎಂದಳು ಮಹೇಶ್ವರಿ.

ಲಾಲ್‌ಬೀ ಹೊರಬಂದು, ಕೈ ಒರೆಸಿಕೊಂಡು, ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ನೋಡಿದರು. ದೊಡ್ಡವಳು ನಾಚಿ ತಾಯಿಯ ಸೆರಗು ಹಿಡಿದಳು. ಚಿಕ್ಕವಳು ಟಂಟಂ ಅಡಿ ಏನಿದೆ ಎಂದು ಬಗ್ಗಿ ಇಣುಕುತ್ತಿದ್ದಳು.

ಅದನ್ನು ಹೇಳುವಾಗ ಲಾಲ್‌ಬೀ ಮುಖ ಆಚೆ ತಿರುಗಿಸಿಕೊಳ್ಳುತ್ತಾರೆ. "ಗಾಡಿ ಬಾಳ ನೋಡೀನ್ರೀ. ಜೀವ ಉಳದವ್ರ ಮುಖ ಇಷ್ಟ ವರ್ಷದಾಗ ಯಾರೂ ತಂದು ತೋರಿಸಿದ್ದಿಲ್ಲ."