ಪದ್ಮ ಮಿಸ್ ಕೂಗಿದ ಹಾಜರಿ

ಪದ್ಮ ಮೇಡಂಗೆ ಮರೆವಿನ ಕಾಯಿಲೆ ಬಂದಿದೆ ಎಂದು ಪಾಂಡವಪುರದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಹೋದ ವರ್ಷದಿಂದ ಊರೆಲ್ಲ ಆಡಿಕೊಳ್ಳುತ್ತಿರುವ ಮಾತು ಅದು. ಹುಟ್ಟಿದ್ದು ನನ್ನ ಬಾಯಿಂದ. ಅದಕ್ಕೇ ಹೇಳುತ್ತಿದ್ದೇನೆ, ನಂಬಬೇಡಿ.

ನಾನು ನಂಜುಂಡಯ್ಯ. ಹುಣಸೆತೋಪಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು. ನಮ್ಮದು ಅಕ್ಕಸಾಲಿಗರ ಮನೆ. ನಮ್ಮಪ್ಪ ಬಳೆಯ ಮೇಲೆ ಹೂಬಳ್ಳಿ ಕೆತ್ತುತ್ತಿದ್ದರು, ನನಗೆ ಆ ಕೈ ಅಕ್ಷರದಲ್ಲಿ ಬಂತು. ದಾಖಲಾತಿ, ಹಾಜರಿ, ಟಿ.ಸಿ., ಶಾಲೆಯ ಯಾವ ಪುಸ್ತಕ ತೆಗೆದರೂ ನನ್ನದೇ ಬರಹ. ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರು "ಏನ್ರೀ, ಅಚ್ಚು ಹಾಕಿಸಿದ್ದೀರಾ?" ಎಂದು ಕೇಳಿದ್ದುಂಟು. ಜಂಬ ಇತ್ತು. ಈಗ್ಯಾಕೆ ಸುಳ್ಳು ಹೇಳಲಿ?

ನಮ್ಮ ಶಾಲೆ ಶುರುವಾದಾಗ ಅದಕ್ಕೆ ಕಟ್ಟಡವೇ ಇರಲಿಲ್ಲವಂತೆ. ಊರಾಚೆ ನಾಲೆಯ ಪಕ್ಕ ಯಾರದೋ ಆಲೆಮನೆಯಲ್ಲಿ ಎಂಟನೇ ತರಗತಿ ನಡೆಯಿತಂತೆ. ಕಬ್ಬು ಅರೆಯುವ ದಿನ ಮಕ್ಕಳಿಗೆ ರಜ. ಆ ಮೊದಲಿನವರಲ್ಲಿ ಉಳಿದಿರುವ ನಾಲ್ಕಾರು ಮುದುಕರನ್ನು ಈಗಲೂ 'ಬೆಲ್ಲದ ಬ್ಯಾಚು' ಎಂದೇ ಕರೆಯುತ್ತಾರೆ. ಆಮೇಲೆ ಹುಣಸೆತೋಪಿನಲ್ಲಿ ಕಲ್ಲು ಕಟ್ಟಡ ಬಂತು. ಕಲ್ಲೆಲ್ಲ ಚಿನಕುರಳಿ ಕಡೆಯ ಕ್ವಾರಿಯದು. ಊರು ಬೆಳೆದು ಬೆಳೆದು ಶಾಲೆಯ ಸುತ್ತ ಬಡಾವಣೆ, ಛತ್ರ, ಪೆಟ್ರೋಲ್ ಬಂಕು ಎಲ್ಲ ಆದವು. ತೋಪಿನಲ್ಲಿ ಈಗ ಮೂರೇ ಹುಣಸೆ ಮರ ಉಳಿದಿವೆ.

ಶಾಲೆಗೆ ಒಂದು ಪದ್ಧತಿ ಇದೆ. ಹತ್ತನೇ ತರಗತಿ ಮುಗಿಸಿ ಇಪ್ಪತ್ತೈದು ವರ್ಷವಾದ ಬ್ಯಾಚಿನವರು ಒಂದು ಭಾನುವಾರ ಬಂದು ಗುರುವಂದನೆ ಮಾಡುತ್ತಾರೆ. ಮೇಷ್ಟ್ರುಗಳಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿ. ಅದು ಎಲ್ಲ ಕಡೆಯೂ ಇದ್ದದ್ದೇ ಬಿಡಿ. ನಮ್ಮಲ್ಲಿ ಅದಕ್ಕೂ ಮೊದಲು ಹಾಜರಿ. ನಲವತ್ತು ದಾಟಿದ ಗಂಡಸರು ಹೆಂಗಸರು ತಮ್ಮ ಹಳೇ ಬೆಂಚಿನಲ್ಲಿ ಹೊಟ್ಟೆ ಹಿಡಿಸಿಕೊಂಡು ಕೂರಬೇಕು, ಪದ್ಮ ಮಿಸ್ ಒಬ್ಬೊಬ್ಬರನ್ನೇ ಕೂಗಬೇಕು, ಅವರು ಎದ್ದು "ಪ್ರೆಸೆಂಟ್ ಮಿಸ್" ಅನ್ನಬೇಕು. ಸತ್ತವರ ಹೆಸರು ಬಂದಾಗ ಎಲ್ಲರೂ ಎದ್ದು ನಿಲ್ಲುತ್ತಾರೆ.

ಮೇಡಂ ಪುಸ್ತಕ ನೋಡಿ ಕೂಗುವುದಿಲ್ಲ. ಎಲ್ಲ ಬಾಯಿಪಾಠ. ಎಂಬತ್ತೇಳರ ಬ್ಯಾಚು ಬಂದ ವರ್ಷ ನಾನು ಹಾಜರಿ ಪುಸ್ತಕ ಕೊಡಲು ಹೋದರೆ, ಆಕೆ ಅದನ್ನು ಪಕ್ಕಕ್ಕೆ ತಳ್ಳಿ ಒಂದರಿಂದ ನಲವತ್ತಾರರವರೆಗೆ ಗಡಗಡ ಕೂಗಿದರು. ಜನ ಚಪ್ಪಾಳೆ ಹೊಡೆದದ್ದೇ ಹೊಡೆದದ್ದು. "ಏನ್ ತಲೆ ಸಾ ಆ ಯಮ್ಮಂದು!" ಎಂದರು. ಪುಸ್ತಕವನ್ನು ಯಾಕೆ ತಳ್ಳಿದರು ಎಂಬುದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಅದನ್ನೂ ಹೇಳುತ್ತೇನೆ, ತಡೆಯಿರಿ.

ಮೇಡಂ ಶ್ರೀರಂಗಪಟ್ಟಣದ ದೇವಸ್ಥಾನದ ಮನೆತನದವರು. ಎಂಬತ್ತಾರರಲ್ಲಿ ಗಣಿತದ ಟೀಚರಾಗಿ ಬಂದರು. ಪೆನ್ಸಿಲ್ಲಿನಂಥ ಮೈ, ಗಂಟೆಯಂಥ ಗಂಟಲು. ಮದುವೆ ಆಗಲಿಲ್ಲ. ಮೊದಮೊದಲು ಗಂಡು ನೋಡಿದರು, ಕೂಡಿ ಬರಲಿಲ್ಲ, ಆಮೇಲೆ ನೋಡುವವರೇ ಹೋಗಿಬಿಟ್ಟರು. ಶಾಲೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನಿವೃತ್ತರಾದ ಮೇಲೂ ಅಲ್ಲೇ. ಸಂಜೆ ಆರಕ್ಕೆ ಅನ್ನಕ್ಕಿಟ್ಟು ಅಡುಗೆಮನೆಯಲ್ಲೇ ಒಂದು ಬ್ಯಾಚಿನ ಹಾಜರಿ ಕೂಗುತ್ತಾರೆ. "ಗ್ವಾಡೆ ಜೊತೆ ಮಾತಾಡ್ತದೆ ಕಣಣ್ಣ" ಎಂದು ಪಕ್ಕದ ಮನೆಯ ಮಂಗಳಮ್ಮ ನನಗೆ ದೂರು ಹೇಳಿದ್ದರು. ನಾನು ಮೇಡಂ ಅವರನ್ನೇ ಕೇಳಿದೆ. "ದಿನಕ್ಕೊಂದು ಕ್ಲಾಸು ಕರೀತೀನಿ ನಂಜುಂಡಯ್ಯ. ಇಲ್ದಿದ್ರೆ ಈ ಮನೇಲಿ ಬೆಳಗಿಂದ ರಾತ್ರಿವರೆಗೆ ಒಂದು ಹೆಸರೂ ಕೇಳಿಸೋಲ್ಲ" ಎಂದರು. ಅಷ್ಟು ಸಲೀಸಾಗಿ ಹೇಳಿದರು.

ಹೋದ ವರ್ಷದ ಸರದಿ ಎರಡು ಸಾವಿರದ ಇಸವಿಯ ಬ್ಯಾಚಿನದು. ಅಯ್ಯೋ, ಅವರ ಅಬ್ಬರ ಕೇಳಬೇಕು! ಶಾಲೆಯ ಇತಿಹಾಸದಲ್ಲಿ ಶೇಕಡಾ ನೂರು ಫಲಿತಾಂಶ ಬಂದದ್ದು ಅದೊಂದೇ ವರ್ಷ. ಐವತ್ತೊಂದಕ್ಕೆ ಐವತ್ತೊಂದೂ ಪಾಸು. ಗೇಟಿನ ಪಕ್ಕದ ಗೋಡೆಯ ಮೇಲೆ ಇವತ್ತಿಗೂ ಬರೆದಿದೆ. ಬ್ಯಾಚಿನ ಮುಂದಾಳು ಶ್ರೀನಾಥ, ಅರಕೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಎಲ್ಲರಿಗೂ 'ನೂರಕ್ಕೆ ನೂರು' ಎಂದು ಬರೆಸಿದ ಟೀ ಶರ್ಟು ಹೊಲಿಸಿದ್ದ. ನಮ್ಮ ಮನೆಗೂ ಬಂದು ಕರೆದ. "ನೀವ್ ಬರ್ಲೇಬೇಕು ಸಾ. ನಮ್ ಬ್ಯಾಚು ಅಂದ್ರೆ ಸುಮ್ನೆ ಅಲ್ಲ ಕಣ್ ಸಾ" ಎಂದ.

ಗುರುವಂದನೆಯ ಹಿಂದಿನ ದಿನ ಮೇಡಂ ನನ್ನನ್ನು ಮನೆಗೆ ಕರೆಸಿದರು. ಬಾಗಿಲಲ್ಲೇ ಹೇಳಿದರು: "ನಾಳೆ ಮೂವತ್ತನಾಲ್ಕನ್ನ ಕೂಗ್ತೀನಿ."

ನಾನು ಒಳಗೆ ಬಂದು ಬಾಗಿಲು ಹಾಕಿದೆ.

ಮೂವತ್ತನಾಲ್ಕು ಎಂದರೆ ಚಿಕ್ಕತಾಯಮ್ಮ ಡಿ. ಚಿನಕುರಳಿಯ ಹತ್ತಿರ ಕಲ್ಲು ಒಡೆಯುತ್ತಿದ್ದ ದ್ಯಾವಯ್ಯನ ಮಗಳು. ಮುಂದಿನ ಬೆಂಚಿನ ಹುಡುಗಿ. ಎಲ್ಲದರಲ್ಲೂ ಹೇಗೋ ದಾಟುತ್ತಿದ್ದಳು, ಗಣಿತದಲ್ಲಿ ಮಾತ್ರ ಹನ್ನೊಂದು, ಹದಿನಾಲ್ಕು. ಆಗಿನ ಹೆಡ್‌ಮಾಸ್ಟರಿಗೆ ನೂರರ ಹುಚ್ಚು ಹಿಡಿದಿತ್ತು. "ಐವತ್ತೆರಡರಲ್ಲಿ ಇವಳೊಬ್ಬಳು ಹೋದರೆ ನೂರು" ಎಂದರು. ಪರೀಕ್ಷೆಯ ಅರ್ಜಿ ಕಳಿಸುವ ಮೊದಲು ಹೆಸರು ತೆಗೆಯಬೇಕು, ತೆಗೆಯಲು ಕಾರಣ ಬೇಕು. ಕಾರಣ ಹುಡುಕಿ ಕೊಟ್ಟವನು ಈ ಜಾಣ ಗುಮಾಸ್ತ. "ಒಂದು ತಿಂಗಳು ಗೈರುಹಾಜರಿ ತೋರಿಸಿದರೆ ಸಾಕು ಸಾರ್" ಎಂದೆ. ಹೆಡ್‌ಮಾಸ್ಟರು ಮೇಡಂ ಕಡೆ ನೋಡಿದರು. ತನ್ನ ವಿಷಯದಲ್ಲಿ ಒಬ್ಬರೂ ಫೇಲಾಗಬಾರದು ಎಂಬ ಹಟ ಮೇಡಂಗೂ ಇತ್ತು. ಆಕೆ ಇಲ್ಲ ಅನ್ನಲಿಲ್ಲ.

ಒಂದು ತಿಂಗಳು ಚಿಕ್ಕತಾಯಮ್ಮ ದಿನವೂ ಬಂದಳು. ದಿನವೂ ಎದ್ದು "ಪ್ರೆಸೆಂಟ್ ಮಿಸ್" ಅಂದಳು. ದಿನವೂ ಮೇಡಂ 'ಗೈ' ಎಂದು ಬರೆದರು. ತಿಂಗಳ ಕೊನೆಗೆ ದ್ಯಾವಯ್ಯನನ್ನು ಕರೆಸಿ, ಮುಂದಿನ ವರ್ಷ ಬರೆಯಲಿ ಎಂದು ಹೇಳಿ ಕಳಿಸಿದ್ದಾಯಿತು. ಆತ ಕೈಮುಗಿದು ಮಗಳನ್ನು ಕರೆದುಕೊಂಡು ಹೋದ. ನಾನು ಅವಳ ಹೆಸರೇ ಇಲ್ಲದ ಹೊಸ ಹಾಜರಿ ಪುಸ್ತಕ ಬರೆದೆ. ಮೂವತ್ತನಾಲ್ಕಕ್ಕೆ ಜಯಶೀಲ ಬಂದಳು. ಒಂದು ಗೀಟಿಲ್ಲ, ಕಲೆಯಿಲ್ಲ. ಅಷ್ಟು ಚಂದ ನಾನು ಇನ್ಯಾವ ಪುಸ್ತಕವನ್ನೂ ಬರೆದಿಲ್ಲ.

ಮೇಡಂ ಆ ಹುಡುಗಿಗೆ ಬೇಸಿಗೆಯಲ್ಲಿ ತಾನೇ ಮನೆಯಲ್ಲಿ ಪಾಠ ಹೇಳಿ ಪಾಸು ಮಾಡಿಸಬೇಕೆಂದಿದ್ದರು. ಚಿನಕುರಳಿಗೆ ಹೋದರೆ ಗುಡಿಸಲು ಖಾಲಿ. ಕಂಟ್ರಾಕ್ಟರು ಆಳುಗಳನ್ನು ಬೇರೆ ಕ್ವಾರಿಗೆ ಸಾಗಿಸಿದ್ದ. ಎಲ್ಲಿಗೆ ಎಂದರೆ ಒಬ್ಬ ಕೆ.ಆರ್. ಪೇಟೆ ಕಡೆ ಎಂದ, ಇನ್ನೊಬ್ಬ ನಾಗಮಂಗಲ ಎಂದ. ಎಷ್ಟೋ ಭಾನುವಾರ ಆಕೆ ಛತ್ರಿ ಹಿಡಿದು ಬಸ್ಸು ಹತ್ತಿದರು. ದೇವಲಾಪುರದ ತನಕ ಹೋಗಿ, ಕಲ್ಲು ಒಡೆಯುವವರ ನಡುವೆ ನಿಂತು ಹೆಸರು ಕೂಗಿ ಬಂದರಂತೆ. ಸಿಗಲಿಲ್ಲ. ಅವತ್ತಿನಿಂದ ಹಾಜರಿ ಕೂಗಲು ಪುಸ್ತಕ ಮುಟ್ಟುವುದಿಲ್ಲ. ಹಳೆಯದು ಹೊಸದು ಎಲ್ಲ ಬ್ಯಾಚನ್ನೂ ಕೂತು ಬಾಯಿಪಾಠ ಮಾಡಿಕೊಂಡರು.

"ಬೇಡ ಮೇಡಂ" ಎಂದೆ ನಾನು. "ಪಾಪ, ಮಕ್ಕಳು ಖುಷಿಯಾಗವ್ರೆ. ಇಪ್ಪತ್ತೈದು ವರ್ಷ ಆಯ್ತು. ಈಗ್ಯಾಕೆ?"

"ಅವಳ ಜೊತೆಯವರ ಎದುರಿಗೆ ಅವಳ ಹೆಸರು ಒಂದ್ಸಲ ಹೇಳಬೇಕು ನಂಜುಂಡಯ್ಯ. ಇನ್ನೊಂದು ಸಲ ಈ ಬ್ಯಾಚು ಎಲ್ಲಿ ಸೇರುತ್ತೆ? ನನಗೇನು ನೂರು ವರ್ಷ ಆಯಸ್ಸೇ? ನಾಳೆ ಕೇಳಿದಾಗ ನೀವು ಒಂದು ಮಾತು ಹೌದು ಅನ್ನಿ, ಸಾಕು."

ನಾನು ತಲೆ ಅಲ್ಲಾಡಿಸಿದೆ. ಹೌದು ಎಂದೂ ತಿಳಿಯಬಹುದು, ಇಲ್ಲ ಎಂದೂ ತಿಳಿಯಬಹುದು. ಗುಮಾಸ್ತರ ತಲೆ ಹಾಗೇ ಅಲ್ಲಾಡುವುದು.

ಭಾನುವಾರ ಮೂವತ್ತೆಂಟು ಜನ ಬಂದಿದ್ದರು. ಮೇಡಂ ಶುರು ಮಾಡಿದರು. ಅರುಣ್ ಅಂದರೆ ಬೋಳುತಲೆಯ ಕಂಡಕ್ಟರು ಎದ್ದ, ನಗು. ಚಿಕ್ಕಸ್ವಾಮಿ ಅಂದರೆ ಗ್ರಾಮ ಪಂಚಾಯಿತಿ ಮೆಂಬರು ಎದ್ದ, ಶಿಳ್ಳೆ. ಮೂವತ್ತಮೂರು ಆಯಿತು. ಮೇಡಂ ಕನ್ನಡಕ ಸರಿಮಾಡಿಕೊಂಡರು.

"ಮೂವತ್ತನಾಲ್ಕು, ಚಿಕ್ಕತಾಯಮ್ಮ ಡಿ."

ಯಾರೂ ಏಳಲಿಲ್ಲ. ಹಿಂದಿನ ಬೆಂಚಿನಲ್ಲಿ ಗುಸುಗುಸು. ಜಯಶೀಲ ಅರ್ಧ ಎದ್ದು, ಗೊತ್ತಾಗದೆ ಮತ್ತೆ ಕೂತಳು. "ಅಂಗೊಬ್ಳು ಇದ್ಲಾ?" ಎಂದು ಒಬ್ಬಾಕೆ ಪಕ್ಕದವಳನ್ನು ಕೇಳಿದಳು. "ಒಂಬತ್ನೇ ಕ್ಲಾಸ್ಗೇ ಬುಟ್ಟೋದ್ಲಲ್ಲ, ಅವ್ಳಾ?" ಎಂದಳು ಇನ್ನೊಬ್ಬಳು. ಮೇಡಂ ಮತ್ತೆ ಕೂಗಿದರು. ಆಗ ಚಿಕ್ಕಸ್ವಾಮಿ ಹೆಣ್ಣು ದನಿ ಮಾಡಿ "ಪ್ರೆಸೆಂಟ್ ಮಿಸ್ಸ್" ಎಂದ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು.

"ಯಾರೋ ಅದು ಪ್ರಾಕ್ಸಿ ಕೊಟ್ಟವನು? ಎದ್ದು ನಿಂತ್ಕೋ!"

ನಲವತ್ತೊಂದು ವರ್ಷದ ಮೆಂಬರು ಎದ್ದು ನಿಂತ.

"ಅವಳು ಬಂದಿಲ್ಲ" ಎಂದರು ಮೇಡಂ. "ಬಂದಾಗ ಬಂದಿಲ್ಲ ಅಂತ ಬರೆದೆ, ಅದಕ್ಕೇ ಇವತ್ತು ಬಂದಿಲ್ಲ. ನೀವು ಐವತ್ತೆರಡು ಜನ ಕಣ್ರೋ. ನಿಮ್ಮ ನೂರು ನೂರಲ್ಲ. ಅವಳನ್ನ ತೆಗೆದುಹಾಕಿದ್ದು ನಾನು."

ಶ್ರೀನಾಥನ ಮುಖ ಸಣ್ಣಗಾಯಿತು. ಟೀ ಶರ್ಟಿನ ಎದೆ ನೋಡಿಕೊಂಡ. "ಏನ್ ಮಿಸ್, ಇಂಗಂತೀರಾ? ಪುಸ್ತಕದಲ್ಲಿ ಐವತ್ತೊಂದೇ ಇರದು" ಎಂದ.

"ಪುಸ್ತಕ ಬರೆದವರು ಅಲ್ಲೇ ಕೂತಿದ್ದಾರೆ. ನಂಜುಂಡಯ್ಯ, ಹೇಳಿ."

ಮೂವತ್ತೆಂಟು ತಲೆ ನನ್ನ ಕಡೆ ತಿರುಗಿದವು. ಪದ್ಧತಿ ಮೀರಿ, ಹಾಜರಿಗೆ ಮೊದಲೇ ನನಗೆ ಪೇಟ ಕಟ್ಟಿಬಿಟ್ಟಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ, ಹಾಗೆ ನಾನು ಪೇಟ ಮುಟ್ಟಿಕೊಂಡೆ. ಪೆನ್ಷನ್ನು, ಮರ್ಯಾದೆ, ಮೊಮ್ಮಗಳು ಇದೇ ಶಾಲೆಯಲ್ಲಿ ಓದುತ್ತಿರುವುದು, ಏನೇನೋ ತಲೆಗೆ ಬಂತು. ಎದ್ದು ನಿಂತೆ. ನನ್ನ ಬಾಯಿಂದ ಬಂದ ಮಾತು ಇದು:

"ಮೂವತ್ನಾಲ್ಕು ಯಾವತ್ತೂ ಜಯಶೀಲನೇ. ಮೇಡಂಗೆ ವಯಸ್ಸಾಯ್ತಲ್ವಾ, ಒಂದು ಬ್ಯಾಚು ಇನ್ನೊಂದಕ್ಕೆ ಸೇರ್ಕೊಂಡ್ಬುಡ್ತದೆ."

"ಅಯ್ಯೋ ಪಾಪ" ಎಂದರು ಯಾರೋ. ಅಷ್ಟೇ, ಎಲ್ಲರಿಗೂ ನಿರಾಳ. ಜಯಶೀಲ ಮೇಡಂ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಚಿಕ್ಕಸ್ವಾಮಿ ನೀರು ತಂದುಕೊಟ್ಟ. ಉಳಿದ ಹೆಸರುಗಳನ್ನು ಶ್ರೀನಾಥನೇ ಪುಸ್ತಕ ನೋಡಿ ಕೂಗಿದ. ಮೇಡಂ ನನ್ನನ್ನು ನೋಡುತ್ತಾ ಕೂತಿದ್ದರು. ಕೋಪ ಮಾಡಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದೆ. ಕೋಪ ಇರಲಿಲ್ಲ. ಲೆಕ್ಕ ತಪ್ಪಿದ ಮಕ್ಕಳು ಬೋರ್ಡು ನೋಡುವ ಹಾಗೆ ನೋಡುತ್ತಿದ್ದರು.

ಆಮೇಲೆ ಸಂಜೆ ಆರಕ್ಕೆ ಆ ಮನೆಯಲ್ಲಿ ಹಾಜರಿ ನಿಂತುಹೋಯಿತು. "ಈಗ ಗಪ್‌ಚಿಪ್ ಆಗದೆ ಕಣಣ್ಣ, ಅದೇ ಭಯ ಆಯ್ತದೆ" ಎಂದರು ಮಂಗಳಮ್ಮ. ಈ ವರ್ಷದ ಬ್ಯಾಚಿನವರು ಮೇಡಂ ಬಾಗಿಲಿಗೆ ಹೋಗಲೇ ಇಲ್ಲ. "ಮಿಸ್ಗೆ ಉಸಾರಿಲ್ವಂತೆ, ನೀವೇ ಕೂಗ್ಕೊಡಿ ಸಾ" ಎಂದು ನನ್ನ ಬಳಿ ಬಂದರು. ಮೈ ಸರಿಯಿಲ್ಲ ಎಂದು ಸುಳ್ಳು ಹೇಳಿ ಕಳಿಸಿದೆ. ಸುಳ್ಳು ನನಗೆ ಹೊಸದೇ?

ಮೊನ್ನೆ ಬೆಳಿಗ್ಗೆ ಮೇಡಂ ನಮ್ಮ ಮನೆಗೆ ಬಂದರು. ಇಷ್ಟು ವರ್ಷದಲ್ಲಿ ಅದೇ ಮೊದಲು. ಜಗಲಿಯ ಮೇಲೆ ಕೂತರು. ಕೈಯಲ್ಲಿ ಆಸ್ಪತ್ರೆಯ ಚೀಟಿ.

"ಮೈಸೂರಿಗೆ ಹೋಗಿ ತಲೆ ತೋರಿಸ್ಕೊಂಡು ಬಂದೆ. ಏನೂ ಇಲ್ಲ ಅಂತಾರೆ. ಆದರೆ ನೀವು ಅಷ್ಟು ಜನರೆದುರು ಹೇಳಿದಿರಲ್ಲ, ನೀವು ಸುಳ್ಳು ಹೇಳೋವರಲ್ಲ. ನನಗೇ ಅನುಮಾನ ಬಂದುಬಿಟ್ಟಿದೆ ನಂಜುಂಡಯ್ಯ. ಆ ಹುಡುಗೀನ, ಹಿಂದಿನ ದಿನ ನಾವಿಬ್ಬರು ಆಡಿದ ಮಾತನ್ನ, ಎಲ್ಲಾನೂ ನಾನೇ ಮನಸ್ಸಿನಲ್ಲಿ ಕಟ್ಟಿಕೊಂಡೆನೇ? ನನಗೆ ಕೇಳೋಕೆ ಬೇರೆ ಯಾರೂ ಇಲ್ಲ. ನಿಜ ಹೇಳಿಬಿಡಿ."

ನನಗೆ ಅಳು ಬಂತು. ಅರವತ್ತೆಂಟು ವರ್ಷದ ಗಂಡಸು, ಸೊಸೆ ಒಳಗಿದ್ದಾಳೆ, ಆದರೂ ಅತ್ತೆ.

"ಇದ್ಲು ಮೇಡಂ."

"ನನ್ನ ಸಮಾಧಾನಕ್ಕೆ ಹೇಳಬೇಡಿ. ಹೆಸರು ನಾನೇ ಕೂಗಿದೀನಿ, ಊರು ನಾನೇ ಹೇಳಿದೀನಿ. ನಾನು ಹೇಳದೇ ಇರೋದು ಏನಾದ್ರೂ ಹೇಳಿ."

ಹೇಳುವಂಥದ್ದು ಒಂದಿತ್ತು. ಇಪ್ಪತ್ತೈದು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ. ನನ್ನ ಆಫೀಸು ರೂಮು ಹತ್ತನೇ ಕ್ಲಾಸಿನ ಗೋಡೆಯಾಚೆಗೇ.

"ಆ ತಿಂಗಳು ಅವಳು ದಿನದಿನಕ್ಕೂ ಜೋರಾಗಿ ಕೂಗ್ತಿದ್ಲು ಮೇಡಂ. ಮೊದಲ ದಿನ ಮಾಮೂಲಿ. ವಾರ ಕಳೆಯೋ ಹೊತ್ಗೆ ನನ್ನ ರೂಮ್ಗೆ ಕೇಳ್ತಿತ್ತು. ಕೊನೆಕೊನೆಗೆ ಗೇಟ್ತಾವ್ಕೂ ಕೇಳೋದು, 'ಪ್ರೆಸೆಂಟ್ ಮಿಸ್' ಅಂತ ಕಿರುಚೋಳು. ಮಕ್ಕಳು ನಗೋರು."

ಮೇಡಂ ಕಣ್ಣು ಮುಚ್ಚಿಕೊಂಡರು. ಆಸ್ಪತ್ರೆಯ ಚೀಟಿಯನ್ನು ಮಡಿಸಿದರು, ಮತ್ತೆ ಮಡಿಸಿದರು.

"ಹೌದು" ಎಂದರು ಆಮೇಲೆ. "ಮುಂದಿನ ಬೆಂಚು. ನಾನು 'ಗೈ' ಬರೆಯೋದು ಅವಳಿಗೆ ಕಾಣ್ತಿತ್ತು. ಮಿಸ್ಸಿಗೆ ಕಿವಿ ಕೇಳಿಸೋಲ್ಲ ಅಂದುಕೊಂಡಿದ್ದಳು."