ಸುಂದ್ರಮ್ಮನ ಪಾಲಿಗೆ ಬಂದ ಫೋನು

ಸುಂದ್ರಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ ಅಂತ ಕಂಪಲಾಪುರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಊರ ಬಾಯಿ ಮುಚ್ಚಿಸಲು ನನ್ನಿಂದಾಗದು. ಆದರೆ ಆರು ವರ್ಷದಿಂದ ನಮ್ಮ ಮಹಿಳಾ ಸಂಘದ ನಡಾವಳಿ ಪುಸ್ತಕ ಬರೆಯುತ್ತಿರುವವಳು ನಾನು. ಆಕೆ ಯಾವತ್ತು, ಯಾಕೆ ಸಿಟ್ಟಾದಳು ಅನ್ನುವುದು ನನಗೆ ಗೊತ್ತು. ಒಂದು ಸಲವೂ ಸುಮ್ಮಸುಮ್ಮನೆ ಸಿಟ್ಟಾಗಿಲ್ಲ. ಸಿಟ್ಟು ಬರಬೇಕಾದ ಕಡೆಯೂ ತೆಪ್ಪಗಿರುವ ನನ್ನಂಥವರನ್ನು ಊರು ಒಳ್ಳೆಯವರು ಅನ್ನುತ್ತದೆ. ಆ ಹೊಗಳಿಕೆಗೆ ಬೆಂಕಿ ಬೀಳಲಿ.

ಸುಂದ್ರಮ್ಮನಿಗೆ ಐವತ್ತೆಂಟು. ಆ ಕಾಲದ ಎಸ್ಸೆಸ್ಸೆಲ್ಸಿ. ಗಂಡ ಗುರುಮಲ್ಲಪ್ಪ ಮತ್ತು ಮಗ ಶಿವಶಂಕರ್ ಸೇರಿ ಬಸ್ ಸ್ಟ್ಯಾಂಡ್ ಎದುರು ಗೊಬ್ಬರದ ಅಂಗಡಿ ನಡೆಸುತ್ತಾರೆ. ಸಂಘದ ಹದಿನಾಲ್ಕು ಹೆಂಗಸರಿಗೆ ಆಕೆಯೇ ಪ್ರತಿನಿಧಿ. ಬ್ಯಾಂಕಿಗೆ ಹೋಗುವುದು, ಅರ್ಜಿ ತುಂಬುವುದು, ಯಾವ ದಿನ ಸಭೆ ಅಂತ ವಾಟ್ಸಾಪಿನಲ್ಲಿ ತಿಳಿಸುವುದು ಎಲ್ಲ ಆಕೆಯ ಕೆಲಸ. ಆಕೆ ಕಳಿಸಿದ್ದನ್ನು ನಾವು ಓದದೆಯೂ ನಂಬುತ್ತಿದ್ದೆವು. ಮದುವೆಯಾಗಿ ಬಂದು ಮೂವತ್ತೈದು ವರ್ಷದಲ್ಲಿ ಆಕೆ ತನ್ನದೇ ಅಂತ ಸಂಪಾದಿಸಿಕೊಂಡದ್ದು ಆ ನಂಬಿಕೆ ಒಂದೇ.

ಅವರ ಮನೆಯಲ್ಲಿ ಊಟಕ್ಕೊಂದು ಕ್ರಮ ಇದೆ. ನಿಮ್ಮ ಮನೆಯಲ್ಲೂ ಇರಬಹುದು, ನಮ್ಮ ಮನೆಯಲ್ಲಂತೂ ಇದೆ. ಮೊದಲು ಗಂಡಸರು, ಆಮೇಲೆ ಮಕ್ಕಳು, ಕೊನೆಗೆ ಪಾತ್ರೆಯಲ್ಲಿ ಉಳಿದದ್ದು ಹೆಂಗಸರಿಗೆ. ಫೋನು ಬಂದ ಮೇಲೆ ಫೋನಿಗೂ ಅದೇ ಕ್ರಮವಾಯಿತು. ಶಿವಶಂಕರ್ 2017ರಲ್ಲಿ ಒಂದು ಫೋನು ಕೊಂಡ. ಮೂರು ವರ್ಷ ಬಳಸಿ, ತಾನು ಹೊಸದು ತೆಗೆದುಕೊಂಡು, ಹಳೆಯದನ್ನು ಅಪ್ಪನಿಗೆ ಕೊಟ್ಟ. ಅಪ್ಪ ಎರಡು ವರ್ಷ ಬಳಸಿ, ದೀಪಾವಳಿಗೆ ತಾನೂ ಹೊಸದು ತೆಗೆದುಕೊಂಡು, ಅದನ್ನು ಹೆಂಡತಿಯ ಕೈಗಿಟ್ಟ. ಬ್ಯಾಟರಿ ನಿಲ್ಲುವುದಿಲ್ಲ ಅಂತ ಆಕೆ ಅಂದಾಗ, "ದಾನಕ್ಕೆ ಕೊಟ್ಟ ಎಮ್ಮೆ ಹಲ್ಲು ಎಣಿಸ್ತೀಯಲ್ಲ" ಅಂತ ನಕ್ಕನಂತೆ. ಕಟ್ಟಿಕೊಂಡ ಹೆಂಡತಿಗೆ ಕೊಟ್ಟದ್ದು ದಾನವಂತೆ!

ಆದರೂ ಸುಂದ್ರಮ್ಮ ಅದನ್ನು ಜೋಪಾನ ಮಾಡಿದಳು. ಅಪ್‌ಡೇಟ್ ಮಾಡದ ಫೋನಿಗೆ ಕಳ್ಳರು ನುಗ್ಗುತ್ತಾರೆ ಅಂತ ಬ್ಯಾಂಕಿನಲ್ಲಿ ಯಾರೋ ಹೇಳಿದ್ದರು. ಅವತ್ತಿನಿಂದ ಪ್ರತಿ ಸೋಮವಾರ ಪೂಜೆ ಮುಗಿಸಿ, ಕನ್ನಡಕ ಹಾಕಿಕೊಂಡು, ಸೆಟ್ಟಿಂಗ್ಸ್ ತೆಗೆದು ನೋಡುವಳು. 'ನಿಮ್ಮ ಫೋನ್ ಅಪ್‌ಡೇಟ್ ಆಗಿದೆ' ಅಂತ ಕನ್ನಡದಲ್ಲೇ ಬರುತ್ತಿತ್ತು. ನಮಗೂ ನೋಡಿಕೊಳ್ಳಿ ಅಂತ ಪೀಡಿಸುತ್ತಿದ್ದಳು. ನಾವು ಹೂಂ ಅಂದು ಮರೆಯುತ್ತಿದ್ದೆವು.

ಈ ವರ್ಷ ಹೊಗೆಸೊಪ್ಪು ಕುಯ್ಯುವ ಸಮಯದಲ್ಲಿ, ಒಂದು ಮಧ್ಯಾಹ್ನ ಆಕೆಗೆ ಗೊತ್ತಿಲ್ಲದ ನಂಬರಿನಿಂದ ಮದುವೆಯ ಕರೆಯೋಲೆ ಅಂತ ಏನೋ ಬಂತು. ಒತ್ತಿದಳು. ಪರದೆ ಒಂದು ಗಳಿಗೆ ಬೆಳ್ಳಗಾಗಿ ಸರಿಹೋಯಿತು. ಸ್ವಲ್ಪ ಹೊತ್ತಿಗೆ ಅದೇ ಕರೆಯೋಲೆ ಸುಂದ್ರಮ್ಮನ ಹೆಸರಿನಲ್ಲಿ ನಮ್ಮೆಲ್ಲರಿಗೂ ಬಂತು. ಆಕೆ ಕಳಿಸಿರಲಿಲ್ಲ, ಫೋನು ತಾನಾಗೇ ಕಳಿಸಿತ್ತು. ನಾನೂ ಒತ್ತಿದೆ. ನನ್ನ ಫೋನಿನಲ್ಲಿ ಕೆಂಪಗೆ ಎಚ್ಚರಿಕೆ ಬಂದು ಅಲ್ಲೇ ತಡೆಯಿತು. ಹೊಲಿಗೆ ದುಡ್ಡಿನಲ್ಲಿ ಹೋದ ವರ್ಷ ನಾನೇ ಕೊಂಡ ಫೋನು ಅದು. ನಮ್ಮ ಸಂಘದ ಪುಟ್ಟಮಾದಮ್ಮನೂ ಒತ್ತಿದಳು, ಆಕೆಯ ಫೋನಿನಲ್ಲಿ ಯಾವುದೂ ತಡೆಯಲಿಲ್ಲ. ಮೇಕೆ ಮಾರಿ ಬ್ಯಾಂಕಿನಲ್ಲಿಟ್ಟಿದ್ದ ದುಡ್ಡು ಸಂಜೆಯೊಳಗೆ ಖಾಲಿ. ಪೊಲೀಸರಿಗೆ ದೂರು ಕೊಟ್ಟಾಯಿತು, ಬ್ಯಾಂಕಿಗೆ ಅರ್ಜಿ ಕೊಟ್ಟಾಯಿತು. ನೋಡೋಣ ಅಂದರು.

ಮಾರನೆಯ ದಿನ ಊರಿಗೆ ಊರೇ ಸುಂದ್ರಮ್ಮನ ಕಡೆ ಬೆರಳು ತೋರಿಸಿತು. ಓದಿದವಳು ಅಂತ ಮೆರೀತಿದ್ದಳು, ಬಡವಿಯ ಮನೆ ತೊಳೆದಳು ಅಂದರು. ಸಂಘದಲ್ಲೂ ಗುಸುಗುಸು ಎದ್ದಿತು. ಶುಕ್ರವಾರದ ಸಭೆಯಲ್ಲಿ ಪ್ರತಿನಿಧಿಯನ್ನು ಬದಲಾಯಿಸುವುದು ಅಂತ ಮಾತಾಯಿತು.

ಗುರುವಾರ ಆಕೆ ನನ್ನನ್ನು ಕರೆದುಕೊಂಡು ಪಿರಿಯಾಪಟ್ಟಣದ ಮೀನಾಳ ಮೊಬೈಲ್ ಅಂಗಡಿಗೆ ಹೋದಳು. "ನಾನು ವಾರ ವಾರ ನೋಡಿವ್ನಿ ಕಣಮ್ಮ. ಅಪ್‌ಡೇಟ್ ಆಗ್ಯದೆ ಅಂತಾನೇ ತೋರುಸ್ತಿತ್ತು" ಅಂತ ಫೋನನ್ನು ಗಾಜಿನ ಮೇಲಿಟ್ಟಳು.

ಮೀನಾ ಅದೇ ಪುಟ ತೆಗೆದು ಕೆಳಗಿನ ಸಣ್ಣ ಅಕ್ಷರ ತೋರಿಸಿದಳು. "ಈ ತಾರೀಖು ಓದಿ ಆಂಟಿ."

"ನವೆಂಬರ್... ಎರಡು ಸಾವಿರದ ಹತ್ತೊಂಬತ್ತು." ಸುಂದ್ರಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು. "ಕರೋನಾಕ್ಕೂ ಮುಂಚೆದಲ್ಲವಾ ಇದು?"

"ಹೂಂ. ಕಂಪನಿಯೋರು ಕಳ್ಸಿದ್ದೆಲ್ಲ ಹಾಕ್ಕೊಂಡಿವ್ನಿ ಅಂತದೆ ಅಷ್ಟೆ. ಅವ್ರು ಕಳ್ಸೋದೇ ನಿಲ್ಸಿ ಆರು ವರ್ಷ ಆಯ್ತು. ಕಳ್ಳರು ದಿನಾ ಹೊಸ ದಾರಿ ಹುಡುಕ್ತಾರೆ, ಇದಕ್ಕೆ ಹೊಸ ಬೀಗ ಬರಲ್ಲ. ಹಿಂಗಾದ ಫೋನು ಎಷ್ಟು ಚೆನ್ನಾಗಿ ಓಡ್ತಿದ್ರೂ ಅದ್ರಲ್ಲಿ ಬ್ಯಾಂಕಿನ ವ್ಯವಹಾರ ಇಟ್ಕೋಬಾರ್ದು, ಬದಲಾಯಿಸ್ಬೇಕು." ಮೀನಾ ಫೋನನ್ನು ತಿರುಗಿಸಿ ನೋಡಿ, "ಶಿವಶಂಕರಣ್ಣ ಅದುಕ್ಕೇ ಅಲ್ಲವಾ ಇದನ್ನ ಬಿಟ್ಟಿದ್ದು? ನಮ್ಮಂಗಡೀಲೇ ಹೊಸದು ತಗೊಂಡ್ರು. ಅಪ್‌ಡೇಟ್ ನಿಂತೋಯ್ತು, ಇದುನ್ನಿಟ್ಕೊಂಡ್ರೆ ಅಪಾಯ ಅಂತ ಅವ್ರೇ ಅಂದ್ರು" ಅಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಸುಂದ್ರಮ್ಮ ಆ ತಾರೀಖನ್ನೇ ಮತ್ತೆ ಮತ್ತೆ ತೆಗೆದು ನೋಡಿದಳು. ನನಗೇ ಮೈ ಉರಿಯುತ್ತಿತ್ತು. ಅಪಾಯ ಅಂತ ತಿಳಿದೂ ಮಗ ಕೆಳಕ್ಕೆ ಸಾಗಿಸಿದ್ದ, ಅಪ್ಪ ಇನ್ನೂ ಕೆಳಕ್ಕೆ ಸಾಗಿಸಿದ್ದ. ಆಕೆಯಿಂದ ಕೆಳಗೆ ಸಾಗಿಸಲು ಯಾರೂ ಇರಲಿಲ್ಲವಾದ್ದರಿಂದ ತಪ್ಪು ಆಕೆಯ ತಲೆಯ ಮೇಲೆ ನಿಂತಿತು. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತು ಅನ್ನುತ್ತಾರಲ್ಲ, ಇದು ಅದಕ್ಕಿಂತ ಹೇಸಿಗೆ. ಕೋತಿಯಾದರೂ ತನ್ನ ಅಮ್ಮನ ಬಾಯಿಗೆ ಒರೆಸಲಿಲ್ಲ.

ಶುಕ್ರವಾರ ಸಮುದಾಯ ಭವನದಲ್ಲಿ ಸಭೆ. ಕರೆಯದಿದ್ದರೂ ಗುರುಮಲ್ಲಪ್ಪ ಮಗನನ್ನು ಕರೆದುಕೊಂಡು ಬಂದ. ಪುಟ್ಟಮಾದಮ್ಮನಿಗೆ ಕೈ ಮುಗಿದು, ದೊಡ್ಡ ಮನಸ್ಸಿನವನ ಹಾಗೆ ಶುರು ಮಾಡಿದ. "ಎಂಗ್ಸು, ತಿಳೀದೆ ಒತ್ಬುಟ್ಟವ್ಳೆ. ನಿನ್ ದುಡ್ಡು ನಾನು ಕಟ್ಕೊಡ್ತೀನಿ. ಒಟ್ಟೆಗಾಕ್ಕೊಳ್ಳಿ ಎಲ್ರೂವೆ."

ಸುಂದ್ರಮ್ಮ ಎದ್ದು ನಿಂತಳು. "ನನ್ ಪರವಾಗಿ ತಪ್ಪೊಪ್ಕೊಳ್ಳಿ ಅಂತ ನಿಮಗ್ಯಾರು ಏಳುದ್ರು?"

"ಸುಮ್ಕಿರೆ. ನಾನು ಮಾತಾಡ್ತಿಲ್ವಾ?"

"ಮಾತಾಡಿದ್ದು ಸಾಕು, ಕೂತ್ಕಳಿ." ಫೋನನ್ನು ಎತ್ತಿ ಹಿಡಿದು ಮಗನ ಕಡೆ ತಿರುಗಿದಳು. "ಶಿವಶಂಕರ, ಇದುನ್ನ ನೀನು ಯಾಕ್ ಬುಟ್ಟೆ? ಇವರೆಲ್ಲ ಕೇಳುಸ್ಕೊಳ್ಳಂಗೆ ಏಳು."

ಅವನು ಅಪ್ಪನ ಮುಖ ನೋಡಿದ. "ಈಗ್ಯಾಕಮ್ಮ ಅದು..."

"ಏಳ್ಲಾ!"

"ಅಪ್‌ಡೇಟ್ ಬರ್ತಿರ್ಲಿಲ್ಲ. ಬ್ಯಾಂಕಿಂದೆಲ್ಲ ಅದ್ರಲ್ಲೇ ಇತ್ತಲ್ಲ, ಕಳ್ಳರು ನುಗ್ಬಹುದು ಅಂತ..."

"ನಿನಗೆ ನುಗ್ಗೋ ಕಳ್ಳ ನನಗೆ ನುಗ್ಗಲ್ವಾ?"

"ನೀನು ಬರೀ ವಾಟ್ಸಾಪ್ ನೋಡ್ತೀಯ, ನಿನ್ ಫೋನಲ್ಲಿ ಕದಿಯಕ್ಕೆ ಏನದೆ ಅಂದ್ಕೊಂಡೆ."

ಹದಿಮೂರು ಹೆಂಗಸರು ಅವನನ್ನೇ ನೋಡುತ್ತಿದ್ದೆವು. ಸುಂದ್ರಮ್ಮ ನಮ್ಮ ಕಡೆ ಕೈ ತೋರಿಸಿ, "ಇವ್ರು ಇದ್ರು ಕಣ್ಲಾ ಅದ್ರೊಳಗೆ. ಇವರ ನಂಬ್ಕೆ ಇತ್ತು. ಕಳ್ರು ಕದ್ದಿದ್ದು ಅದ್ನೇ" ಅಂದಳು. ಅಂದು ಕೂತಳು. ಅಳುತ್ತಾಳೇನೋ ಅಂದುಕೊಂಡೆ, ಅಳಲಿಲ್ಲ.

ಪುಟ್ಟಮಾದಮ್ಮ ಎದ್ದಳು. ಕಳೆದುಕೊಂಡವಳು ಆಕೆ, ಆಕೆ ಏನು ಹೇಳಿದರೂ ನಡೆಯುತ್ತಿತ್ತು. ನೇರ ಶಿವಶಂಕರನ ಮುಂದೆ ಹೋಗಿ ನಿಂತಳು.

"ಅಲ್ಲಾ ಕಣಪ್ಪ, ಆಗಿದ್ದು ಆಗೋಯ್ತು. ಈಗ ಗೊತ್ತಾಯ್ತಲ್ಲ. ಜೇಬಲ್ಲಿರೋ ಒಳ್ಳೆ ಪೋನ ನಿಮ್ಮವ್ವನ ಕೈಗೆ ಕೊಟ್ಟು, ಅದುನ್ನ ನೀನಿಸ್ಕೊ."

ಶಿವಶಂಕರನ ಕೈ ಅಂಗಿಯ ಜೇಬಿಗೆ ಹೋಯಿತು. ತೆಗೆಯಲಿಕ್ಕಲ್ಲ. ಅಂಗೈಯಲ್ಲಿ ಜೇಬನ್ನು ಮುಚ್ಚಿಕೊಂಡ. ಅವನಿಗೇ ಅರಿವಿಲ್ಲದೆ ಹೋದ ಕೈ ಅದು. ಅಮ್ಮನೂ ನೋಡಿದಳು, ನಾವೂ ನೋಡಿದೆವು.

ಪುಟ್ಟಮಾದಮ್ಮ ನನ್ನ ಕಡೆ ತಿರುಗಿದಳು. "ಬರ್ಕೊ ತಾಯಿ. ಸುಂದ್ರಕ್ಕನೇ ಪ್ರತಿನಿಧಿ, ಬದಲಾಯ್ಸದು ಬ್ಯಾಡ ಅಂತ."

ಬರೆದೆ. ಕಾರಣದ ಜಾಗ ಖಾಲಿ ಉಳಿದಿತ್ತು. "ಕಾರಣ ಏನಂತ ಬರೀಲಿ?" ಅಂತ ಕೇಳಿದೆ.

"ಸುಂದ್ರಕ್ಕನ ಮಗನ ಕೈ ಇನ್ನೂ ಎಲ್ಲದೆ ನೋಡು," ಅಂದಳು ಪುಟ್ಟಮಾದಮ್ಮ. "ಅದುನ್ನೇ ಬರಿ."